ಅರ್ಧ ಕೂತ ಬೀಗದ ಕೈ

ಮೊನ್ನೆ ಆಶಾ ಕಾರ್ಯಕರ್ತೆಯರು ನಮ್ಮ ಬಿಲ್ಡಿಂಗಿಗೆ ಬಂದಿದ್ದರು. ಟೆರೇಸಿನ ನೀಲಿ ಡ್ರಮ್ಮಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ದಾರದ ಚೂರಿನಂಥ ಹುಳಗಳು ನೀರಿನಲ್ಲಿ ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿದ್ದವು. ಬೆಳಕು ಬಿದ್ದ ತಕ್ಷಣ ಎಲ್ಲವೂ ಒಟ್ಟಿಗೆ ತಳಕ್ಕೆ ಇಳಿದವು. "ನೋಡಿ ಸಾರ್, ಸಾಕಿಕೊಂಡಿದ್ದೀರಿ" ಅಂತ ಅವರು ಬೈದು ಹೋದ ಮೇಲೆ, ಮೇಲಿನ ಮನೆಯ ಆಂಟಿ ಮೆಟ್ಟಿಲ ಹತ್ತಿರ ನನ್ನನ್ನು ಸಮಾಧಾನ ಮಾಡಿದರು. "ನಮ್ಮ ಹುಡುಗನಿಗೆ ಎರಡು ವರ್ಷದ ಹಿಂದೆಯೇ ಡೆಂಗಿ ಬಂದು ಹೋಯ್ತಲ್ಲಪ್ಪ. ಒಂದು ಸಲ ಬಂದ ಮೇಲೆ ಇಮ್ಯುನಿಟಿ ಬಂದಿರುತ್ತೆ ಅಲ್ವಾ? ನಮಗೇನೂ ಭಯ ಇಲ್ಲ. ನೀವು ಹುಷಾರು."

ಬೆಂಗಳೂರಿನಲ್ಲಿ ಬಹಳ ಜನ ಹೀಗೇ ನಂಬಿದ್ದಾರೆ. ದಡಾರದ ಮಟ್ಟಿಗೆ ಆಂಟಿ ಹೇಳಿದ್ದು ಸರಿ. ಚಿಕನ್ ಪಾಕ್ಸ್ ಮಟ್ಟಿಗೂ ಹೆಚ್ಚುಕಡಿಮೆ ಸರಿ. ಡೆಂಗಿಯಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಒಮ್ಮೆ ಬಂದವರಿಗೆ ಎರಡನೇ ಸಲ ಬಂದಾಗಲೇ ಅಪಾಯ ಜಾಸ್ತಿ. ಅವರ ಮೈ ದುರ್ಬಲವಾಗಿದೆ ಅಂತಲ್ಲ. ಮೊದಲ ಸಲ ಮೈ ಕಲಿತ ಪಾಠವೇ ಎರಡನೇ ಸಲ ಕೈಕೊಡುತ್ತದೆ. ನನಗೆ ಗೊತ್ತಿರುವ ವಿಜ್ಞಾನದ ವಿಷಯಗಳಲ್ಲಿ ಇಷ್ಟು ಸೊಗಸಾದ, ಇಷ್ಟು ಹೆದರಿಸುವ ವಿಷಯ ಇನ್ನೊಂದಿಲ್ಲ.

ಮೊದಲು 'ಇಮ್ಯುನಿಟಿ' ಅನ್ನುವ ಪದದ ಮೇಲಿನ ನನ್ನ ಸಿಟ್ಟು ತೀರಿಸಿಕೊಳ್ಳುತ್ತೇನೆ. ಕೋವಿಡ್ ಬಂದಾಗಿನಿಂದ ಅದು ಕಷಾಯದ ಬಾಟಲಿಯ ಮೇಲೂ ಬಿಸ್ಕತ್ ಪೊಟ್ಟಣದ ಮೇಲೂ ಕೂತಿದೆ. ಕೇಳಿದರೆ ಅದೇನೋ ಮೈಯೊಳಗಿನ ಸಂಪು, ಕಾವೇರಿ ನೀರು ಬಿಟ್ಟ ದಿನ ತುಂಬಿಸಿಕೊಳ್ಳಬೇಕು ಅನ್ನುವಂತೆ ಮಾತಾಡುತ್ತಾರೆ. ರೋಗದ ಎದುರು ಮೈ ಮಾಡುವ ಕೆಲಸಕ್ಕೂ ಸಂಪಿಗೂ ಸಂಬಂಧವಿಲ್ಲ. ಹೋಲಿಕೆ ಬೇಕೇ ಬೇಕು ಅಂದರೆ ಗಾಂಧಿ ಬಜಾರಿನಂಥ ಕಡೆ ಫುಟ್‌ಪಾತಿನ ಮೇಲೆ ಛತ್ರಿ ಹಾಕಿಕೊಂಡು ಕೂರುವ ಡೂಪ್ಲಿಕೇಟ್ ಕೀ ಮಾಡುವವರನ್ನು ನೋಡಿ.

ನೀವು ಬೀಗದ ಕೈ ಕಳೆದುಕೊಂಡು ಬರೀ ಬೀಗ ಹಿಡಿದು ಅವರ ಹತ್ತಿರ ಹೋಗುತ್ತೀರಿ. ಅವರು ಬಳೆಯಷ್ಟಗಲದ ಕಂಬಿಗೆ ಪೋಣಿಸಿದ ಹಳೇ ಕೀಗಳ ಗೊಂಚಲು ತೆಗೆಯುತ್ತಾರೆ. ಒಂದೊಂದನ್ನೇ ತೂರಿಸಿ ನೋಡುತ್ತಾರೆ. ಹೆಚ್ಚಿನವು ಒಳಗೇ ಹೋಗುವುದಿಲ್ಲ. ಯಾವುದೋ ಒಂದು ಹೋಗುತ್ತದೆ, ತಿರುಗುವುದಿಲ್ಲ. ಆಗ ಅದರಂಥದ್ದೇ ಇನ್ನೊಂದನ್ನು ತೆಗೆದುಕೊಂಡು ಅರ ಹಾಕುತ್ತಾರೆ. ತೂರಿಸುವುದು, ಉಜ್ಜುವುದು, ಮತ್ತೆ ತೂರಿಸುವುದು. ಕೊನೆಗೆ 'ಟಕ್' ಅನ್ನುತ್ತದೆ.

ನಮ್ಮ ರಕ್ತದ ಬಿ ಕೋಶಗಳು ಮಾಡುವುದು ಇದನ್ನೇ. ಅವು ತಯಾರಿಸುವ ಬೀಗದ ಕೈಯ ಹೆಸರು ಪ್ರತಿಕಾಯ, ಅಂದರೆ ಆ್ಯಂಟಿಬಾಡಿ. ಒಂದು ಬಿ ಕೋಶ ಒಂದೇ ಆಕಾರದ ಪ್ರತಿಕಾಯ ಮಾಡುತ್ತದೆ. ವೈರಸ್ಸಿನ ಮೈಮೇಲಿನ ಉಬ್ಬುತಗ್ಗುಗಳಿಗೆ ಯಾವ ಕೋಶದ ಕೀ ಅಷ್ಟಿಷ್ಟು ಕೂರುತ್ತದೋ ಆ ಕೋಶ ಮರಿ ಹಾಕುತ್ತದೆ, ಸಾವಿರಗಟ್ಟಲೆ ಆಗುತ್ತದೆ. ಜ್ವರ ಬಂದಾಗ ಕತ್ತಿನ ಪಕ್ಕ ಗಂಟು ಊದುತ್ತದಲ್ಲ, ಅದರೊಳಗೆ ನಡೆಯುವುದು ಅರ ಹಾಕುವ ಕೆಲಸ. ಕೋಶಗಳು ತಮ್ಮ ವಂಶವಾಹಿಯನ್ನು ಬೇಕಂತಲೇ ಅಲ್ಲಲ್ಲಿ ತಪ್ಪಾಗಿ ನಕಲು ಮಾಡುತ್ತವೆ. ಚೆನ್ನಾಗಿ ಕೂತದ್ದು ಉಳಿಯುತ್ತದೆ, ಕೂರದ್ದು ಸಾಯುತ್ತದೆ. ಇದಕ್ಕೆಲ್ಲ ಒಂದೆರಡು ವಾರ ಬೇಕು. ಮೊದಲ ಸಲ ಬಂದ ರೋಗ ನಮ್ಮನ್ನು ಮಲಗಿಸುವುದು ಈ ಎಡೆಯಲ್ಲಿ.

ಅದು ಸರಿ, ಆ ಗೊಂಚಲು ಬಂದದ್ದೆಲ್ಲಿಂದ? ನಮ್ಮಲ್ಲಿರುವ ವಂಶವಾಹಿಗಳು ಒಟ್ಟು ಸುಮಾರು 20,000. ಪ್ರತಿಕಾಯಗಳ ಆಕಾರಗಳೋ ಕೋಟಿಗಟ್ಟಲೆ. ಒಂದೊಂದಕ್ಕೆ ಒಂದೊಂದು ವಂಶವಾಹಿ ಇಡಲು ಜಾಗವೇ ಇಲ್ಲ. ಈ ಒಗಟು ವಿಜ್ಞಾನಿಗಳನ್ನು ಬಹಳ ಕಾಲ ಕಾಡಿತು. 1976ರಲ್ಲಿ ಜಪಾನಿನ ಸುಸುಮು ತೊನೆಗಾವಾ ಇದನ್ನು ಬಿಡಿಸಿದರು. 1987ರ ನೊಬೆಲ್ ಅವರೊಬ್ಬರಿಗೇ ಬಂತು.

ಉತ್ತರ ನಮ್ಮ ಗಾಡಿಗಳ ನಂಬರ್ ಪ್ಲೇಟಿನಲ್ಲಿದೆ. ಆರ್‌ಟಿಒದವರು ಲಕ್ಷಾಂತರ ನಂಬರುಗಳನ್ನು ಮೊದಲೇ ಬರೆದಿಟ್ಟುಕೊಂಡಿರುವುದಿಲ್ಲ. ಅವರ ಹತ್ತಿರ ಇರುವುದು ಕೆಲವು ಅಕ್ಷರ, ಹತ್ತು ಅಂಕಿ. ಜೋಡಿಸುತ್ತಾ ಹೋದರೆ ಬೆಂಗಳೂರಿನ ಟ್ರಾಫಿಕ್ಕೇ ತಯಾರು. ಬಿ ಕೋಶವೂ ಹಾಗೇ. ಪ್ರತಿಕಾಯದ ದೊಡ್ಡ ತುಂಡಿಗೆ ಮೂರು ಡಬ್ಬಿಗಳಿವೆ. ಒಂದರಲ್ಲಿ ವಂಶವಾಹಿಯ ಸುಮಾರು 40 ಚೂರು, ಇನ್ನೊಂದರಲ್ಲಿ 23, ಮತ್ತೊಂದರಲ್ಲಿ 6. ಪ್ರತಿಯೊಂದರಿಂದ ಒಂದೊಂದು ಎತ್ತಿ ಅಂಟಿಸಿದರೆ 5,500 ಬಗೆ. ಸಣ್ಣ ತುಂಡಿನಲ್ಲಿ ಇದೇ ರೀತಿ 300ಕ್ಕೂ ಹೆಚ್ಚು ಬಗೆ. ಎರಡನ್ನೂ ಜೋಡಿಸಿದರೆ ಆಗಲೇ 16 ಲಕ್ಷ ದಾಟಿತು. ಸಾಲದ್ದಕ್ಕೆ ಅಂಟಿಸುವ ಜಾಗದಲ್ಲಿ ಕೋಶ ಒಂದೆರಡು ಅಕ್ಷರ ಸುಮ್ನೆ ತುರುಕುತ್ತದೆ, ಒಂದೆರಡು ಕಿತ್ತು ಹಾಕುತ್ತದೆ. ಅಲ್ಲಿಗೆ ಲೆಕ್ಕ ಕೈಬಿಟ್ಟು ಹೋಗುತ್ತದೆ. ಈ ಭೂಮಿಯ ಮೇಲೆ ಇನ್ನೂ ಹುಟ್ಟೇ ಇರದ ವೈರಸ್ಸಿಗೂ ಅಷ್ಟಿಷ್ಟು ಕೂರುವ ಕೀ ನಿಮ್ಮ ಮೈಯಲ್ಲಿ ಈಗಲೇ ಇರಬಹುದು. ಇದನ್ನು ಮೊದಲು ಓದಿದ ದಿನ ನಾನು ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಹೋಗಿದ್ದೆ.

ಒಂದು ಬೀಗಕ್ಕೆ ಮಾಡಿದ ಕೀ ಪಕ್ಕದ ಬೀಗಕ್ಕೂ ಕೂತರೆ? ಕೆಲವು ಸಲ ಅದು ವರವೇ ಆಗುತ್ತದೆ. ಸಿಡುಬಿನ ಕಥೆ ಪೂರ್ತಿ ಇದರ ಮೇಲೇ ನಿಂತಿದೆ. ಹಸುವಿನ ಸಿಡುಬಿನ ವೈರಸ್ಸಿಗೂ ಮನುಷ್ಯರ ಸಿಡುಬಿನ ವೈರಸ್ಸಿಗೂ ಹತ್ತಿರದ ನೆಂಟಸ್ತನ. ಹಸುವಿನದ್ದಕ್ಕೆ ಮಾಡಿದ ಕೀ ಮನುಷ್ಯರದ್ದಕ್ಕೂ ಸಲೀಸಾಗಿ ತಿರುಗುತ್ತದೆ. 1796ರಲ್ಲಿ ಎಡ್ವರ್ಡ್ ಜೆನ್ನರ್ ಇದನ್ನು ತೋರಿಸಿಕೊಟ್ಟ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ನಮ್ಮ ಮೈಸೂರಿನ ಅರಮನೆಗೇ ಬಂದಿತ್ತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ಮೂವರು ಹೆಂಗಸರ ಚಿತ್ರವೊಂದಿದೆ. ಅವರಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ, ತೋರಿಸುತ್ತಿರುವುದು ಲಸಿಕೆ ಚುಚ್ಚಿದ ಜಾಗ, ಇದು ಜನರಿಗೆ ಧೈರ್ಯ ಹೇಳಲು ಬರೆಸಿದ ಚಿತ್ರ ಅಂತ ಒಬ್ಬ ಇತಿಹಾಸಕಾರರ ವಾದ. ಆ ಕಾಲದ ರಾಣಿ ತೋಳು ತೋರಿಸಿ ನಿಲ್ಲುವುದು ಅಂದರೆ ಸಣ್ಣ ಮಾತಲ್ಲ. ಅಂತೂ ಆ ನೆಂಟಸ್ತನದ ಬಲದಿಂದಲೇ ಸಿಡುಬು ಹೋಯಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಮುಗಿಯಿತು ಎಂದು ಸಾರಿತು.

ಡೆಂಗಿಯಲ್ಲೂ ನೆಂಟರಿದ್ದಾರೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಅಣ್ಣತಮ್ಮಂದಿರ ಹಾಗೆ ಮುಖದಲ್ಲಿ ಹೋಲಿಕೆ ಇದೆ, ಆದರೆ ಅವಳಿಗಳಲ್ಲ. ಆಂಟಿಯ ಮಗನಿಗೆ ಬಂದದ್ದು ಒಂದನೇ ಬಗೆ ಅಂತಿಟ್ಟುಕೊಳ್ಳಿ. ಒಂದನೆಯದರ ವಿರುದ್ಧ ಅವನಿಗೆ ಬಹುಶಃ ಜೀವನಪೂರ್ತಿ ರಕ್ಷಣೆ ಇದೆ. ಮೊದಲ ಕೆಲವು ತಿಂಗಳು ಉಳಿದ ಮೂರರ ವಿರುದ್ಧವೂ ಅಷ್ಟಿಷ್ಟು ಇರುತ್ತದೆ. ಆಮೇಲೆ ಪ್ರತಿಕಾಯಗಳ ಸಂಖ್ಯೆ ಇಳಿಯುತ್ತದೆ. ಆಗ ಎರಡನೇ ಬಗೆಯ ವೈರಸ್ ಬಂದರೆ ಹಳೇ ಕೀ ಓಡಿಹೋಗಿ ತೂರಿಕೊಳ್ಳುತ್ತದೆ. ತೂರುತ್ತದೆ, ತಿರುಗುವುದಿಲ್ಲ. ವೈರಸ್ಸಿಗೆ ಅಂಟಿಕೊಂಡಿರುತ್ತದೆ, ಆದರೆ ಅದರ ಕೆಲಸ ನಿಲ್ಲಿಸುವುದಿಲ್ಲ.

ಅಷ್ಟೇ ಆಗಿದ್ದರೆ ನಷ್ಟವಿರಲಿಲ್ಲ. ತೊಂದರೆ ಇರುವುದು ಕೀಯ ಹಿಡಿಯಲ್ಲಿ. ಪ್ರತಿಕಾಯದ ಆಕಾರ ಕವಣೆಯ ಕವೆಕೋಲಿನ ಹಾಗೆ. ಎರಡು ಕೈ, ಒಂದು ಹಿಡಿ. ಕೈಗಳು ವೈರಸ್ಸನ್ನು ಹಿಡಿಯುತ್ತವೆ. ಹಿಡಿಯನ್ನು ಮ್ಯಾಕ್ರೊಫೇಜ್ ಅನ್ನುವ ದೊಡ್ಡ ನುಂಗುಕೋಶಗಳು ಗುರುತಿಸುತ್ತವೆ, ಎಳೆದುಕೊಂಡು ನುಂಗಿ ಅರಗಿಸುತ್ತವೆ. ಬೇಡಿ ಹಾಕಿದ ಕಳ್ಳನನ್ನು ಸ್ಟೇಷನ್ನಿಗೆ ಎಳೆದೊಯ್ದ ಹಾಗೆ. ಬೇರೆ ಕಳ್ಳರ ಕಥೆ ಅಲ್ಲಿಗೆ ಮುಗಿಯುತ್ತದೆ. ಡೆಂಗಿ ವೈರಸ್ಸಿಗೆ ಕನ್ನ ಹಾಕಬೇಕಿರುವುದೇ ಸ್ಟೇಷನ್ನಿಗೆ. ಅದು ಮನೆ ಮಾಡಿಕೊಂಡು ಮರಿ ಹಾಕುವುದು ಇದೇ ನುಂಗುಕೋಶಗಳೊಳಗೆ. ಗೋಡೆ ಹಾರುವ ಕಷ್ಟವೂ ಇಲ್ಲ. ಸಡಿಲ ಬೇಡಿ ಹಾಕಿ ಪೊಲೀಸರೇ ಮುಂಬಾಗಿಲಿನಿಂದ ಒಳಗೆ ಬಿಟ್ಟರು. ಒಳಗೆ ಹೋಗಿ ಕೈ ಕೊಡವಿಕೊಂಡ.

ಇದನ್ನು ಊಹಿಸಿದವರು ಅಮೆರಿಕದ ಸ್ಕಾಟ್ ಹಾಲ್‌ಸ್ಟೆಡ್. 1960ರ ದಶಕದಲ್ಲಿ ಅವರು ಬ್ಯಾಂಕಾಕಿನ ಆಸ್ಪತ್ರೆಗಳಲ್ಲಿ ಡೆಂಗಿ ಬಂದ ಮಕ್ಕಳನ್ನು ನೋಡುತ್ತಿದ್ದರು. ತೀರಾ ಕಂಗೆಟ್ಟು ಬರುವ ಮಕ್ಕಳಲ್ಲಿ ಎರಡು ಗುಂಪು ಕಾಣಿಸಿತು. ಒಂದು, ಎರಡನೇ ಸಲ ಡೆಂಗಿ ಬಂದವರು. ಇನ್ನೊಂದು ವಿಚಿತ್ರ: ಒಂದು ವರ್ಷವೂ ತುಂಬದ ಕೂಸುಗಳು. ಅವಕ್ಕೆ ಇದೇ ಮೊದಲ ಡೆಂಗಿ. ಆದರೆ ತಾಯಂದಿರಿಗೆ ಹಿಂದೆ ಬಂದಿತ್ತು. ಹೊಟ್ಟೆಯಲ್ಲಿದ್ದಾಗಲೇ ತಾಯಿಯ ಪ್ರತಿಕಾಯ ಕೂಸಿಗೆ ಹರಿದಿತ್ತು. ಹುಟ್ಟಿದ ಹೊಸದರಲ್ಲಿ ಅದು ತುಂಬಾ ಇರುತ್ತದೆ, ಕಾಯುತ್ತದೆ. ತಿಂಗಳು ಕಳೆದಂತೆ ಇಳಿದು, ಕಾಯಲು ಸಾಲದಷ್ಟು, ಕೆಡಿಸಲು ಸಾಕಾಗುವಷ್ಟು ಉಳಿಯುತ್ತದೆ. 2017ರಲ್ಲಿ ನಿಕರಾಗುವಾ ದೇಶದ ಮಕ್ಕಳ ರಕ್ತದಲ್ಲಿ ಇದೇ ಸಿಕ್ಕಿತು. ಪ್ರತಿಕಾಯ ತೀರಾ ಕಡಿಮೆ ಇದ್ದವರಿಗೂ ತುಂಬಾ ಇದ್ದವರಿಗೂ ಅಪಾಯ ಕಡಿಮೆ. ನಡುವೆ ಎಲ್ಲೋ ಇದ್ದವರಿಗೇ ಜಾಸ್ತಿ. ಬಾಟಲಿಯ ಮೇಲೆ 'ಇಮ್ಯುನಿಟಿ ಬೂಸ್ಟರ್' ಅಂತ ಬರೆದವರು ಈ ಮಕ್ಕಳಿಗೆ ಎಷ್ಟು ಚಮಚ ಕೊಡುತ್ತಿದ್ದರೋ!

ಇದು ಪುಸ್ತಕದ ಬದನೆಕಾಯಿ ಅಲ್ಲ. ಫಿಲಿಪ್ಪೀನ್ಸ್‌ನಲ್ಲಿ 2016ರಲ್ಲಿ ಶಾಲಾ ಮಕ್ಕಳಿಗೆ ಡೆಂಗಿ ಲಸಿಕೆ ಕೊಡಲು ಶುರು ಮಾಡಿದರು. 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕೊಟ್ಟಾಗಿತ್ತು. 2017ರ ಕೊನೆಗೆ ತಯಾರಕರೇ ಎಚ್ಚರಿಕೆ ಕೊಟ್ಟರು: ಹಿಂದೆ ಡೆಂಗಿ ಬಂದಿದ್ದವರಿಗೆ ಲಸಿಕೆ ಒಳ್ಳೆಯದು, ಒಮ್ಮೆಯೂ ಬಾರದವರಿಗೆ ಮುಂದೆ ಬಂದರೆ ಜೋರಾಗಬಹುದು. ಅವರ ಪಾಲಿಗೆ ಲಸಿಕೆಯೇ ಮೊದಲ ಡೆಂಗಿಯ ಹಾಗೆ ಆಗಿತ್ತು. ಕಾರ್ಯಕ್ರಮ ನಿಂತಿತು. ಲಸಿಕೆಗಳ ಮೇಲಿನ ನಂಬಿಕೆಯೇ ಕುಸಿಯಿತು, 2019ರಲ್ಲಿ ಅಲ್ಲಿ ದಡಾರ ಹಬ್ಬಿತು. ಸಿಡುಬಿಗೆ ಒಂದೇ ಮುಖವಿತ್ತು. ಡೆಂಗಿಗೆ ನಾಲ್ಕು. ನಾಲ್ಕಕ್ಕೂ ಒಟ್ಟಿಗೆ ಸರಿಯಾಗಿ ತಿರುಗುವ ಕೀ ಮಾಡದೆ ಹೋದರೆ ಮಾಡಿದ್ದೇ ತಿರುಗಿ ಬೀಳುತ್ತದೆ.

ಹೆದರಬೇಡಿ, ಎರಡನೇ ಸಲ ಬಂದ ಬಹುಪಾಲು ಜನರೂ ಗುಣವಾಗುತ್ತಾರೆ. ಆದರೆ ಹೆದರಬೇಕಾದ ಹೊತ್ತು ಯಾವುದು ಅಂತ ಗೊತ್ತಿರಬೇಕು. ಜನ ಪ್ಲೇಟ್‌ಲೆಟ್ ಸಂಖ್ಯೆ ಹಿಡಿದು ಕೂರುತ್ತಾರೆ, ಪರಂಗಿ ಎಲೆ ಅರೆಯುತ್ತಾರೆ. ಪ್ರಾಣಕ್ಕೆ ಕುತ್ತು ತರುವುದು ಹೆಚ್ಚಾಗಿ ರಕ್ತನಾಳಗಳಿಂದ ನೀರಿನಂಶ ಸೋರುವುದು. ಅದು ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ, ಅಂದರೆ ಮನೆಯವರು "ಸದ್ಯ, ಜ್ವರ ಬಿಡ್ತು" ಅಂತ ಉಸಿರು ಬಿಡುವಾಗ. ಆಗ ಹೊಟ್ಟೆ ಜೋರಾಗಿ ನೋಯುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ಒಸಡಿನಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೇನ್ ನುಂಗಬಾರದು. ಪ್ಲೇಟ್‌ಲೆಟ್ ಒಂದು ವಾರ ಕಳೆದ ಮೇಲೆ ಸಾಮಾನ್ಯವಾಗಿ ತಾನಾಗಿ ಏರುತ್ತದೆ. ಆರನೇ ದಿನ ಪರಂಗಿ ರಸ ಕುಡಿಸಿದವರು ಎಂಟನೇ ದಿನ ಪರಂಗಿ ಮರಕ್ಕೆ ಕೈಮುಗಿಯುತ್ತಾರೆ.

ಇನ್ನು ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ರಾಜಕಾಲುವೆ ಬೇಡ. ಅಲ್ಲಿ ಹುಟ್ಟುವುದು ಬೇರೆ ಜಾತಿ. ಇದಕ್ಕೆ ತಿಳಿನೀರು ಬೇಕು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ ಎಲ್ಲರ ಮನೆಯಲ್ಲೂ ಡ್ರಮ್ ಇರುತ್ತದೆ, ಡ್ರಮ್ಮಿನಲ್ಲಿ ತಿಳಿನೀರಿರುತ್ತದೆ. ಅದು ಕಚ್ಚುವುದು ಹಗಲಿನಲ್ಲಿ. ಸ್ವಲ್ಪ ಅಲುಗಾಡಿದರೂ ಎದ್ದು ಇನ್ನೊಬ್ಬರ ಕಾಲಿಗೆ ಕೂರುತ್ತದೆ. ಒಂದು ಹೊತ್ತಿನ ಊಟ ನಾಲ್ಕು ಮನೆಯಲ್ಲಿ ಮಾಡುವ ಅತಿಥಿ ಇದ್ದ ಹಾಗೆ. ಒಂದೇ ಮನೆಯಲ್ಲಿ ಮೂವರು ಮಲಗುವುದು ಹೀಗೆ.

ಈ ಡ್ರಮ್ಮಿನ ಪಾಠ ನಮ್ಮ ಊರಿಗೆ ಹೊಸದಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ರೊನಾಲ್ಡ್ ರಾಸ್ ಎಂಬ ಎಳೆ ಡಾಕ್ಟರ್ ಇದ್ದ. ಅವನ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಹುಡುಕಿದರೆ ಕಿಟಕಿಯ ಹೊರಗಿನ ತೊಟ್ಟಿಯಲ್ಲಿ ಮರಿಗಳು. ತೊಟ್ಟಿ ಬೋರಲು ಹಾಕಿದ, ಸೊಳ್ಳೆ ಕಡಿಮೆಯಾಯಿತು. ಬೇರೆ ಕಡೆಯೂ ಹೀಗೇ ಮಾಡೋಣ ಅಂತ ಅಲ್ಲಿನ ಅಧಿಕಾರಿಯನ್ನು ಕೇಳಿದ. ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನು ಸೃಷ್ಟಿ ಮಾಡಿರುವುದು ಯಾವುದೋ ಕಾರಣಕ್ಕೆ, ಪ್ರಕೃತಿಯ ನಿಯಮ ಕೆಡಿಸಬಾರದು, ಸಹಿಸಿಕೊಳ್ಳಬೇಕು ಅಂದನಂತೆ. ಹದಿನಾಲ್ಕು ವರ್ಷದ ಮೇಲೆ ಸಿಕಂದರಾಬಾದಿನಲ್ಲಿ ಇದೇ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡ. 1902ರಲ್ಲಿ ನೊಬೆಲ್ ಬಂತು.

ನಮ್ಮ ಡ್ರಮ್ಮನ್ನು ಅವತ್ತು ಸಂಜೆಯೇ ಖಾಲಿ ಮಾಡಿದೆ. ಖಾಲಿ ಮಾಡಿದರೆ ಸಾಲದು. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ. ಬೆರಳಾಡಿಸಿದರೆ ಕಪ್ಪು ರವೆಪುಡಿ ಅಂಟಿದಂತೆ ಕಾಣುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಕಾಯುತ್ತದೆ, ನೀರು ತಾಗಿದಾಗ ಒಡೆಯುತ್ತದೆ. ತೆಂಗಿನ ನಾರು ತೆಗೆದುಕೊಂಡು ಒಳಗೆಲ್ಲಾ ಉಜ್ಜಿದೆ. ನಮ್ಮ ಓನರ್ ಟೆರೇಸಿಗೆ ಬಂದು, ಚೆಲ್ಲಿದ ನೀರು ನೋಡಿ, "ಅಷ್ಟು ನೀರು ಹಾಳು ಮಾಡಿದಿರಲ್ಲ ಸಾರ್, ಸೊಳ್ಳೆ ಎಲ್ಲಿಲ್ಲ ಹೇಳಿ" ಅಂದರು. ಆಂಟಿಯ ಮಗ ಅಷ್ಟರಲ್ಲಿ ಪಕ್ಕದ ಡ್ರಮ್ಮಿನ ಮುಚ್ಚಳ ತೆಗೆದು ಮೊಬೈಲ್ ಬೆಳಕು ಬಿಟ್ಟಿದ್ದ. "ಅಂಕಲ್, ಇದರಲ್ಲೂ ಇವೆ" ಅಂತ ಕೂಗಿದ.