ಉರಿ ಇಲ್ಲದೆಯೂ ಸುಡುತ್ತದೆ

ನಮ್ಮ ಮನೆಗೆ ಮೋಲ್ಡ್ ಹಾಕಿದ ದಿನ ಮೇಸ್ತ್ರಿ ಜೊತೆ ಬಂದಿದ್ದ ಹುಡುಗನೊಬ್ಬ ಹಸಿ ಕಾಂಕ್ರೀಟಿನ ಮೇಲೆ ಮಂಡಿಯೂರಿ ಮಟ್ಟ ಮಾಡುತ್ತಿದ್ದ. ಪ್ಯಾಂಟು ನೆನೆದು ಚರ್ಮಕ್ಕೆ ಅಂಟಿತ್ತು. "ಉರೀತಿಲ್ವೇನಪ್ಪಾ?" ಎಂದು ಕೇಳಿದೆ. "ಇಲ್ಲ ಸಾರ್, ತಣ್ಣಗಿದೆ" ಎಂದ. ಮಾರನೆಯ ದಿನ ಅವನು ಕೆಲಸಕ್ಕೆ ಬರಲಿಲ್ಲ. ಎರಡೂ ಮಂಡಿಯ ಚರ್ಮ ಕಪ್ಪಾಗಿ, ಅಡಿಯಲ್ಲಿ ಹುಣ್ಣಾಗಿತ್ತು. ಯಾವ ರಾಸಾಯನಿಕ ಚರ್ಮವನ್ನು ಸುಡುತ್ತದೆ ಎಂದು ಲ್ಯಾಬಿನಲ್ಲಿ ಪರೀಕ್ಷಿಸುವುದೇ ನನ್ನ ಕೆಲಸ. ಅಂಥ ನಾನೇ ಅವನ ಮಾತು ನಂಬಿ ಸುಮ್ಮನಿದ್ದೆ. ಆ ಸಂಕಟ ಇನ್ನೂ ಹೋಗಿಲ್ಲ.

ಹಸಿ ಸಿಮೆಂಟಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 12ಕ್ಕಿಂತ ಜಾಸ್ತಿ, ಅಂದರೆ ಅದು ಬಲವಾದ ಕ್ಷಾರ. ಎಲೆ ಅಡಿಕೆಗೆ ಸುಣ್ಣ ಹೆಚ್ಚಾದರೆ ಬಾಯಿ ಬೇಯುತ್ತದೆ ಅಲ್ವಾ, ಇಲ್ಲೂ ಅದೇ ಸುಣ್ಣದ ಕೆಲಸ. ಆಸಿಡ್ ಬಿದ್ದರೆ ಚರ್ಮದ ಪ್ರೋಟೀನು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತದೆ. ಆ ಗಟ್ಟಿ ಪದರ ಆಸಿಡ್ ಒಳಗಿಳಿಯುವುದನ್ನು ಸ್ವಲ್ಪವಾದರೂ ತಡೆಯುತ್ತದೆ. ಸುಣ್ಣ, ಕಾಸ್ಟಿಕ್ ಸೋಡಾದಂಥ ಕ್ಷಾರಗಳು ಹಾಗಲ್ಲ. ಅವು ಚರ್ಮದ ಕೊಬ್ಬನ್ನು ಸೋಪಾಗಿಸುತ್ತವೆ, ಪ್ರೋಟೀನನ್ನು ಕರಗಿಸುತ್ತವೆ, ದಾರಿ ಮಾಡಿಕೊಂಡು ಕೆಳಗೆ ಇಳಿಯುತ್ತಾ ಹೋಗುತ್ತವೆ. ಎಷ್ಟೋ ಸಲ ನೋವು ಗೊತ್ತಾಗುವುದು ತಡವಾಗಿ. ಮೊದಲು ಗೊತ್ತಾಗುವುದು ಬೆರಳು ಜಾರುವುದು ಮಾತ್ರ.

ಅದಕ್ಕೇ ನಮ್ಮ ಪರೀಕ್ಷೆಯಲ್ಲಿ ಉರಿಯ ಲೆಕ್ಕವೇ ಇಲ್ಲ. ಕೆಂಪಾಗಿ, ಊದಿ, ಕೆಲವು ದಿನಕ್ಕೆ ಮೊದಲಿನಂತಾದರೆ ಅದು ಕಿರಿಕಿರಿ. ಮೇಲಿನ ಪದರ ದಾಟಿ ಒಳಚರ್ಮದವರೆಗೂ ಸತ್ತು, ವಾಸಿಯಾದ ಮೇಲೂ ಕಲೆ ಉಳಿದರೆ ಅದು ಸುಡುವ ರಾಸಾಯನಿಕ.

ಹಿಂದೆ ಇದನ್ನು ಮೊಲದ ಮೇಲೆ ನೋಡುತ್ತಿದ್ದರು. 1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ಮತ್ತು ಅವರ ಜೊತೆಗಾರರು ಪ್ರಕಟಿಸಿದ ವಿಧಾನ ಅದು. ಮೊಲದ ಬೆನ್ನಿನ ಕೂದಲು ತೆಗೆದು, ರಾಸಾಯನಿಕ ಹಚ್ಚಿ, ದಿನಗಟ್ಟಲೆ ಗಾಯ ನೋಡುವುದು. ಇವತ್ತಿನ ನಿಯಮದಲ್ಲಿ 0.5 ಮಿಲಿಲೀಟರ್ ಹಚ್ಚಿ 4 ಗಂಟೆ ಬಿಟ್ಟು 14 ದಿನದವರೆಗೆ ನೋಡಬಹುದು. ಆದರೆ ಬೇರೆ ಯಾವ ದಾರಿಯೂ ಇಲ್ಲದಿದ್ದಾಗ ಮಾತ್ರ. ಆ ಪ್ರಾಣಿ ಪಡುವ ಹಿಂಸೆ ಒಂದು ಕಡೆ. ಮೊಲದ ಚರ್ಮ ನಮ್ಮ ಚರ್ಮ ಅಲ್ಲ ಎನ್ನುವುದು ಇನ್ನೊಂದು ಕಡೆ.

ಈಗ ನಾವು ಬಳಸುವುದು ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯನ ಚರ್ಮ. ಆಪರೇಷನ್ನಿನಲ್ಲಿ ತೆಗೆದ ಚರ್ಮದಿಂದ, ಒಪ್ಪಿಗೆ ಪಡೆದು, ಜೀವಕೋಶಗಳನ್ನು ಬೇರ್ಪಡಿಸುತ್ತಾರೆ. ಕೆಳಗಿನಿಂದ ಪೋಷಕ ದ್ರವ, ಮೇಲಿನಿಂದ ಗಾಳಿ ಸಿಗುವಂತೆ ಇಟ್ಟರೆ ಕೋಶಗಳು ಪದರ ಪದರವಾಗಿ ಬೆಳೆದು ಮೇಲೊಂದು ಒಣ ಪದರ ಕಟ್ಟುತ್ತವೆ. ಅಂಗಿಯ ಗುಂಡಿಯಷ್ಟು ಅಗಲ, ಮಾಸಲು ಬಿಳಿ. ಜೀವಂತ ಚರ್ಮ ಅದು. ಅದನ್ನು ನಮ್ಮ ಲ್ಯಾಬಿಗೆ ತರುವ ಪೆಟ್ಟಿಗೆ ದಾರಿಯಲ್ಲಿ ತಡವಾದರೆ ಸತ್ತೇ ಹೋಗುತ್ತದೆ.

ಪರೀಕ್ಷೆಯ ಬೆಳಿಗ್ಗೆ ಲ್ಯಾಬಿನಲ್ಲಿ ಯಾರೂ ಮಾತಾಡುವುದಿಲ್ಲ. ಎಲ್ಲರ ಕಣ್ಣೂ ಟೈಮರಿನ ಮೇಲೆ. ಒಂದು ಚರ್ಮದ ಮೇಲೆ 50 ಮೈಕ್ರೋಲೀಟರ್, ಅಂದರೆ ಸುಮಾರು ಒಂದು ಹನಿ. 3 ನಿಮಿಷ ಆಗುತ್ತಿದ್ದಂತೆ ಎತ್ತಿ, ತೊಳೆಯುವ ಬಾಟಲಿಯಿಂದ ಸುಮಾರು 20 ಸಲ ಮೆಲ್ಲಗೆ ತೊಳೆಯಬೇಕು. ಒಂದು ಜೋಡಿ ಚರ್ಮಕ್ಕೆ ಹೀಗೆ 3 ನಿಮಿಷ, ಇನ್ನೊಂದು ಜೋಡಿಗೆ 60 ನಿಮಿಷ. ಪಕ್ಕದಲ್ಲಿ ಬರೀ ನೀರು ಹಾಕಿದ್ದು, ಖಂಡಿತ ಸುಡುವ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕಿದ್ದು, ಎರಡೂ ಇರಲೇಬೇಕು.

ತೊಳೆದ ಚರ್ಮವನ್ನು ಎಂಟಿಟಿ ಎಂಬ ಹಳದಿ ದ್ರವದಲ್ಲಿ 3 ಗಂಟೆ ಇಡುತ್ತೇವೆ. ಬದುಕಿರುವ ಕೋಶ ಹಳದಿಯನ್ನು ನೇರಳೆ ಮಾಡುತ್ತದೆ. ಸತ್ತದ್ದು ಮಾಡುವುದಿಲ್ಲ. ನೀರು ಹಾಕಿದ ಚರ್ಮ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಸುಟ್ಟದ್ದು ಪೇಲವವಾಗಿ ಉಳಿದಿರುತ್ತದೆ. ಎಷ್ಟು ಸಲ ನೋಡಿದ್ದರೂ ಆ ಬಿಳುಪು ಕಂಡಾಗ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಆ ನೇರಳೆಯನ್ನು ಕರಗಿಸಿ ಯಂತ್ರದಲ್ಲಿ ಅಳೆದು, ನೀರು ಹಾಕಿದ ಚರ್ಮದ್ದಕ್ಕೆ ಹೋಲಿಸುತ್ತೇವೆ. 3 ನಿಮಿಷಕ್ಕೇ ಜೀವ 50 ಶೇಕಡಕ್ಕಿಂತ ಕೆಳಗಿಳಿದರೆ ಸುಡುವ ರಾಸಾಯನಿಕ. ಆಗ ಪಾಸಾದರೂ 60 ನಿಮಿಷಕ್ಕೆ 15 ಶೇಕಡಕ್ಕಿಂತ ಕಡಿಮೆಯಾದರೆ ಅದೂ ಸುಡುವುದೇ.

ಇಲ್ಲಿ ಮೋಸ ಹೋಗುವ ಜಾಗ ಒಂದಿದೆ. ಕೆಲವು ರಾಸಾಯನಿಕಗಳು ತಾವೇ ಎಂಟಿಟಿಯನ್ನು ನೇರಳೆ ಮಾಡುತ್ತವೆ. ವಿಟಮಿನ್ ಸಿ ಹಾಗೆ ಮಾಡುತ್ತದೆ. ಚರ್ಮ ಸತ್ತಿದ್ದರೂ ಬಣ್ಣ ನೋಡಿ ಬದುಕಿದೆ ಎಂದುಕೊಳ್ಳುತ್ತೇವೆ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಾನೂ ಒಂದು ಸ್ಯಾಂಪಲ್ಲಿಗೆ "ಸುಡುವುದಿಲ್ಲ" ಎಂದು ಬರೆದುಬಿಟ್ಟಿದ್ದೆ. ಹಿರಿಯರೊಬ್ಬರು "ಸತ್ತ ಚರ್ಮದ ಮೇಲೆ ಹಾಕಿ ನೋಡಿದೆಯಾ?" ಎಂದರು. ಮೊದಲೇ ಫ್ರೀಜ್ ಮಾಡಿ ಸಾಯಿಸಿದ ಚರ್ಮಕ್ಕೆ ಹಾಕಿದರೆ ಅದೂ ನೇರಳೆ! ಆ ವರದಿ ಹೊರಗೆ ಹೋಗಿದ್ದರೆ ಯಾರೋ ಬರಿಗೈಯಲ್ಲಿ ಅದನ್ನು ಮುಟ್ಟುತ್ತಿದ್ದರು. ಅವತ್ತಿನಿಂದ, ಚರ್ಮದ ಪೆಟ್ಟಿಗೆ ತೆರೆಯುವ ಮೊದಲೇ ಸ್ಯಾಂಪಲ್ಲನ್ನು ಎಂಟಿಟಿ ಜೊತೆ ಬೆರೆಸಿ ನೋಡದೆ ನಾನು ಮುಂದೆ ಹೋಗುವುದಿಲ್ಲ.

ಈ ನಿಮಿಷಗಳ ಲೆಕ್ಕವೇ ಲಾರಿಯ ಮೇಲಿನ ಬೋರ್ಡಿಗೂ ಹೋಗುತ್ತದೆ. ಕೈ ಮೇಲೆ, ಲೋಹದ ಪಟ್ಟಿಯ ಮೇಲೆ ಹನಿ ಬೀಳುವ ಚಿತ್ರ ನೋಡಿರುತ್ತೀರಿ. ಸಾಗಣೆಯ ನಿಯಮದಲ್ಲಿ 3 ನಿಮಿಷದೊಳಗೆ ಸುಡುವುದಕ್ಕೆ ಒಂದನೇ ಗುಂಪು, ಒಂದು ಗಂಟೆಯೊಳಗಿನದಕ್ಕೆ ಎರಡು, 4 ಗಂಟೆಯೊಳಗಿನದಕ್ಕೆ ಮೂರು. ನಮ್ಮ ಈ ಪರೀಕ್ಷೆ ಕೊನೆಯ ಎರಡನ್ನು ಬೇರೆ ಮಾಡಿ ಹೇಳಲಾರದು. ಅದು ಇದರ ಮಿತಿ. ಕೇಳಿದವರಿಗೆ ಹಾಗೇ ಹೇಳುತ್ತೇನೆ.

ಟಾಯ್ಲೆಟ್ ಆಸಿಡನ್ನು ಹಳೇ ನೀರಿನ ಬಾಟಲಿಗೆ ಸುರಿದಿಡುವಾಗ ಆ ಚಿತ್ರವೂ, ಅದರ ಹಿಂದಿನ ಲೆಕ್ಕವೂ ಕಸಕ್ಕೆ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮೈಮೇಲೆ ಬಿದ್ದರೆ ನಿಂಬೆರಸ, ಸೋಡಾಪುಡಿ ಹುಡುಕುತ್ತಾ ಕೂರಬೇಡಿ. ಒಣ ಸುಣ್ಣ, ಸಿಮೆಂಟು ಪುಡಿಯಾದರೆ ಮೊದಲು ಕೊಡವಿ. ನೆನೆದ ಬಟ್ಟೆ ಕಳಚಿ, ಹರಿಯುವ ನಲ್ಲಿಯಡಿ ಕಡಿಮೆಯೆಂದರೂ 20 ನಿಮಿಷ ಹಿಡಿದು, ಆಮೇಲೆ ಆಸ್ಪತ್ರೆಗೆ ಹೊರಡಿ. ಉರಿ ಇಲ್ಲ ಎಂದು ಎರಡೇ ನಿಮಿಷಕ್ಕೆ ನಲ್ಲಿ ನಿಲ್ಲಿಸಬೇಡಿ.