ಪುಣೆಯ ಭಂಗಾರ, ಗ್ರೀನ್ ಜಾಬು ಮತ್ತು ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡು

ಪುಣೆಗೆ ಹೊಸದಾಗಿ ಬಂದ ಕನ್ನಡದವ್ರು ಅಂಗಡಿ ಬೋರ್ಡ್ ಮೇಲೆ 'ಭಂಗಾರ್' ಅಂತ ಓದಿ ಒಂದ್ ಸಲ ನಿಂತು ನೋಡೇ ನೋಡ್ತಾರೆ, ಒಳಗಿರೋದು ತುಕ್ಕು ಹಿಡಿದ ಕೂಲರು, ರಟ್ಟಿನ ಕಟ್ಟು, ಒಡೆದ ಬಕೆಟ್ಟು. ನಮ್ಮ ಗುಜರಿಗೆ ಇಲ್ಲಿ ಆ ಹೆಸರು. ನಮ್ಮ ಸೊಸೈಟಿಗೆ ಕಸ ತಗೊಳ್ಳೋಕೆ ಬರೋ ಅಕ್ಕ ಇಂಡಿ ಕಡೆಯವ್ರು, ಹೋದ ವಾರ ಗೇಟ್ ಹತ್ರ ನಿಲ್ಲಿಸಿ ಕೇಳಿದ್ರು, "ಸರ, ಮಗಾ ಒಂಬತ್ತನೇತ್ತಾ ಬಿಟ್ಟು ಕುಂತಾನ್ರಿ, ಸೋಲಾರ್ ಕೆಲ್ಸ ಕಲಸ್ತಾರಂತಲ್ರಿ, ಎಲ್ಲೈತಿ ನೋಡಿ ಹೇಳ್ರಿ." ನೋಡೋಕೆ ಕೂತೆ, ನೋಡ್ತಾ ನೋಡ್ತಾ ಮೂವತ್ತು ವರ್ಷ ಹಿಂದಕ್ಕೆ ಹೋದೆ.

ಈಗ ಗ್ರೀನ್ ಜಾಬ್, ಅಂದ್ರೆ ಸೋಲಾರು, ಕಸ ವಿಂಗಡಣೆ ಥರದ ಪರಿಸರಕ್ಕೆ ಒಳ್ಳೇದಾಗೋ ಕೆಲಸ, ಅದಕ್ಕೆ ಸರ್ಕಾರದ ಕೌನ್ಸಿಲ್ಲೇ ಇದೆ, ಸ್ಕಿಲ್ ಕೌನ್ಸಿಲ್ ಫಾರ್ ಗ್ರೀನ್ ಜಾಬ್ಸ್, 2015ರಲ್ಲಿ ಆಗಿದ್ದು. ಅದೇ ವರ್ಷ ಸೂರ್ಯಮಿತ್ರ ಅನ್ನೋ ಸೋಲಾರ್ ಟ್ರೇನಿಂಗೂ ಶುರುವಾಯ್ತು, ಫೀಸಿಲ್ಲ, ಊಟ ವಸತಿ ಅವರದ್ದೇ, 600 ಗಂಟೆ ಪಾಠ, ಅಂದ್ರೆ ಸುಮಾರು ಮೂರು ತಿಂಗಳು. ಒಳ್ಳೇದೇ. ಆದ್ರೆ ಹತ್ತನೇ ಕ್ಲಾಸ್ ಪಾಸ್ ಆಗಿರ್ಬೇಕು, ಜೊತೆಗೆ ಐಟಿಐನೋ ಡಿಪ್ಲೊಮಾನೋ ಇರ್ಬೇಕು. ಅಕ್ಕನ ಮಗ ಬಾಗಿಲಲ್ಲೇ ಔಟ್. ಪಾಸ್ ಆದವನಿದ್ರೂ ಮೂರು ತಿಂಗಳು ಊಟ ಅವರು ಹಾಕ್ತಾರೆ ಸರಿ, ಮನೆ ಬಾಡಿಗೆ ಯಾರು ಕೊಡ್ತಾರೆ?

ಇದನ್ನ ಉಲ್ಟಾ ಕಡೆಯಿಂದ, ಅಂದ್ರೆ ಸರ್ಟಿಫಿಕೇಟ್ ಬಿಟ್ಟು ಕೆಲಸ ಬಲ್ಲವರಿಂದ, ಶುರು ಮಾಡಿದ ಊರು ಇದೇ ಪುಣೆ, ಅದು ಗೊತ್ತಿರೋರು ಕಮ್ಮಿ. 1972ರ ಬರಗಾಲದಲ್ಲಿ ಮರಾಠವಾಡದಿಂದ ಗುಳೆ ಬಂದ ದಲಿತ ಹೆಂಗಸರು ಎಷ್ಟೋ ಜನ ಇಲ್ಲಿ ಚಿಂದಿ ಆಯೋಕೆ ಇಳಿದ್ರು. 1990ರ ಸುಮಾರಿಗೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣದವ್ರು, ಮುಖ್ಯವಾಗಿ ಪೂರ್ಣಿಮಾ ಚಿಕರಮನೆ ಮತ್ತು ಲಕ್ಷ್ಮೀ ನಾರಾಯಣ್, ಈ ಹೆಂಗಸರ ಜೊತೆ ಕೆಲಸಕ್ಕೆ ಹೊರಟ್ರು. ಅಕ್ಷರ ಕಲಿಸೋಕೆ ಹೋದವರಿಗೆ ಕಂಡಿದ್ದು ಬೇರೆ, ತೊಟ್ಟೀಲಿ ಕೈ ಹಾಕೋ ಬದ್ಲು ಮನೆ ಬಾಗಿಲಲ್ಲೇ ಬೇರೆ ಮಾಡಿದ ಕಸ ಸಿಕ್ರೆ ಕಮಾಯಿ ಜಾಸ್ತಿ, ಗಲೀಜು ಕಮ್ಮಿ. ಅಷ್ಟರಲ್ಲಿ ಒಬ್ಬ ಉದ್ಯಮಿ ಅದೇ ಕಸಕ್ಕೆ ಗಾಡಿ ತಂದ, ಹೆಂಗಸರು ಅಡ್ಡ ನಿಂತ್ರು. 1993ರಲ್ಲಿ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಅನ್ನೋ ಯೂನಿಯನ್ ಕಟ್ಟಿದ್ರು, ಹಮಾಲರ ಸಂಘ ಕಟ್ಟಿದ್ದ ಬಾಬಾ ಆಢಾವ್ ಜೊತೆಗಿದ್ರು.

ಸರ್ಟಿಫಿಕೇಟ್ ಆಮೇಲಿನ ಮಾತು, ಮೊದ್ಲು ಬಂದಿದ್ದು ಗುರುತಿನ ಚೀಟಿ. ಆ ದಶಕದ ನಡುವೆ ಪಾಲಿಕೆ ಮುದ್ರೆ ಇರೋ ಕಾರ್ಡು ಸಿಕ್ತು. ನಮಗೆ ಅದು ಜುಜುಬಿ ಅನ್ನಿಸ್ಬಹುದು, ಬೆಳಗಿನ ಜಾವ ಚೀಲ ಹೊತ್ಕೊಂಡ್ ಹೋಗೋಳನ್ನ ಪೊಲೀಸ್ರು 'ಕಳ್ಳಿ' ಅಂತ ನಿಲ್ಲಿಸಿದಾಗ ತೋರಿಸೋಕೆ ಏನೋ ಒಂದಿದೆ ಅನ್ನೋದು ಜುಜುಬಿ ಅಲ್ಲ.

ದೇಶದ ಮಟ್ಟದಲ್ಲಿ ಕಾನೂನು ಬರೋಕೆ ನಮ್ಮ ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದ ಕೇಸೇ ಕಾರಣ, 2000ದಲ್ಲಿ ಕಸದ ನಿಯಮಗಳು ಬಂದ್ವು, ಮನೆಮನೆಯಿಂದ ಕಸ ತಗೋಬೇಕು ಅಂತಾಯ್ತು. ಸರಿ, ಯಾರು ತಗೋಬೇಕು? ಪುಣೆ ಹೇಳಿದ್ದು, ಈಗಾಗ್ಲೇ ಆ ಕೆಲಸ ಬಲ್ಲವರೇ ತಗೊಳ್ಲಿ. ಯೂನಿಯನ್ ಹೆಂಗಸರೇ ಸೇರಿ 'ಸ್ವಚ್ಛ್' ಅನ್ನೋ ಸಹಕಾರಿ ಸಂಘ ಮಾಡಿದ್ರು, 2008ರಲ್ಲಿ ಪಾಲಿಕೆ ಜೊತೆ ಕರಾರಾಯ್ತು. ಮನೆಯವ್ರು ತಿಂಗಳಿಗಿಷ್ಟು ಅಂತ ಕೊಡ್ತಾರೆ, ಒಣ ಕಸ ಮಾರಿದ ದುಡ್ಡೂ ಈ ಹೆಂಗಸರದ್ದೇ. ಮುಂಬೈಯಲ್ಲೂ ಸ್ತ್ರೀ ಮುಕ್ತಿ ಸಂಘಟನೆ ಹಿಂಗೇ ಚಿಂದಿ ಆಯೋ ಹೆಂಗಸರಿಗೆ ಕಾಂಪೋಸ್ಟು, ಬಯೋಗ್ಯಾಸ್ ಘಟಕ ನಡೆಸೋದು ಕಲಿಸ್ತು.

ಎಲ್ಲಾ ಸುಸೂತ್ರ ಅಂತಲ್ಲ. 2020ರ ಕೊನೆಗೆ ಕರಾರು ಮುಗಿದಾಗ ದೊಡ್ಡ ಕಂಟ್ರಾಕ್ಟರ್‌ಗೆ ಕೊಡೋಣ ಅನ್ನೋ ಮಾತು ಬಂತು, ಸ್ವಲ್ಪ ದಿನದ ಎಕ್ಸ್‌ಟೆನ್ಶನ್ ಮೇಲೆ ನೇತಾಡಿದ್ರು. 2016ರ ನಿಯಮಗಳಲ್ಲೇ ಚಿಂದಿ ಆಯೋರನ್ನ ವ್ಯವಸ್ಥೆಗೆ ಸೇರಿಸ್ಕೋಬೇಕು ಅಂತ ಬರೆದಿದ್ರೂ ಹಂಗಾಯ್ತು ನೋಡಿ.

ಈಗ ಇನ್ನೊಂದು ದಾರಿ ಇದೆ, ಮೊದಲೇ ಬರೋ ಕೆಲಸವನ್ನ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋದು, ಮೂರು ತಿಂಗಳು ಕೂರೋದು ಬೇಡ. ನನಗೆ ಇದೇ ಸರಿ ಅನ್ನಿಸುತ್ತೆ, ಯಾಕಂದ್ರೆ ಈ ಅಕ್ಕ ಪ್ಲಾಸ್ಟಿಕ್ಕನ್ನ ಬೆರಳಲ್ಲಿ ಉಜ್ಜಿ ಕಿವಿ ಹತ್ರ ಹಿಡಿದೇ ಹೇಳ್ತಾರೆ, ಹಾಲಿನ ಪಾಕೀಟು ಮೆತ್ತಗೆ, ಮಾರಾಟ ಆಗುತ್ತೆ, ಚಿಪ್ಸ್ ಪಾಕೀಟು ಚರಚರ ಅನ್ನುತ್ತೆ, ಒಳಗೆ ಬೆಳ್ಳಿ ಬಣ್ಣದ ಪದರ, ಯಾರೂ ತಗೊಳ್ಳಲ್ಲ.

ಮಗನ ವಿಷಯ ಹೇಳಿದೆ, ಮೊದ್ಲು ಹೊರಗಿಂದ ಹತ್ತನೇದು ಕಟ್ಟಿಸ್ರಿ ಅಂತ. "ಹೂಂ" ಅಂದ್ರು. ನಿಮಗೇ ಬೇಕಾದ್ರೆ ಪರೀಕ್ಷೆ ಇದೆ ಅಂದೆ. ಏನ್ ಕೇಳ್ತಾರ್ರಿ ಅಂದ್ರು. ಹಸಿ ಕಸ ಯಾವ್ದು, ಒಣ ಕಸ ಯಾವ್ದು ಅಂತ ಕೇಳ್ಬಹುದು ಅಂದೆ. ನಮ್ಮ ಬಿ ವಿಂಗ್‌ನ ಬಕೆಟ್ ಬಗ್ಗಿಸಿ ತೋರಿಸಿದ್ರು, ಅನ್ನದ ಜೊತೆ ಬ್ಯಾಟರಿ, ಡೈಪರ್ರು, ಬಿಲ್ಲು. "ಆ ಪರೀಕ್ಷಾ ಮೊದ್ಲ ಇವ್ರಿಗಿ ಇಡ್ರಿ."