ಓಡುವ ಟ್ಯಾಂಕಿನ ನಿಂತ ಪಟ್ಟಿ

'ಫ್ಯೂರಿ' ಸಿನಿಮಾ ನೋಡಿದ ರಾತ್ರಿಯೇ ನಾನು ಪೆನ್ಸಿಲ್ ಹಿಡಿದು ಕೂತೆ. 1945ರ ಏಪ್ರಿಲ್, ಜರ್ಮನಿಯ ಕೆಸರು ನೆಲ, ಅಮೆರಿಕದ ಒಂದು ಶರ್ಮನ್ ಟ್ಯಾಂಕ್, ಅದರೊಳಗೆ ಐದು ಜನ. 2014ರಲ್ಲಿ ಬಂದ ಈ ಸಿನಿಮಾಗೆ ಜಗತ್ತಿನಾದ್ಯಂತ ಎಷ್ಟೋ ಜನ ಫ್ಯಾನ್ ಆರ್ಟ್ ಬಿಡಿಸಿದ್ದಾರೆ. ನನಗೂ ಆಸೆ. ಎರಡು ಸಂಜೆ ಕೂತು ಬಿಡಿಸಿದೆ. ಒಂದೊಂದು ಬೋಲ್ಟೂ ಸರಿಯಾಗಿತ್ತು. ಆದರೆ ಟ್ಯಾಂಕ್ ಮುಂದಕ್ಕೆ ಹೋಗುತ್ತಿರಲಿಲ್ಲ. ಷೋಕೇಸಿನಲ್ಲಿಟ್ಟ ಆಟಿಕೆ ಥರ ಸುಮ್ನೆ ನಿಂತಿತ್ತು.

ಎಲ್ಲಿ ತಪ್ಪಿತು ಅಂತ ಗೊತ್ತಾಗಿದ್ದು ಸಿನಿಮಾವನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದಾಗ. ಪಕ್ಕದಿಂದ ತೆಗೆದ ದೃಶ್ಯ. ಚಕ್ರಗಳ ಸುತ್ತ ಸುತ್ತುವ ಉಕ್ಕಿನ ಪಟ್ಟಿಯ ಕೆಳಭಾಗ ಸ್ಪಷ್ಟವಾಗಿದೆ, ಅದಕ್ಕೆ ಮೆತ್ತಿದ ಕೆಸರೂ ಕಾಣುತ್ತದೆ. ಅದೇ ಪಟ್ಟಿಯ ಮೇಲ್ಭಾಗ ಮಾತ್ರ ಒರೆಸಿದ ಹಾಗೆ ಮಸುಕು. ನಾನು ಮೇಲೆ ಕೆಳಗೆ ಎರಡನ್ನೂ ಒಂದೇ ಥರ ಬಿಡಿಸಿದ್ದೆ.

ಟ್ಯಾಂಕ್ ತನ್ನ ದಾರಿಯನ್ನು ತಾನೇ ಹಾಸಿಕೊಂಡು ಹೋಗುವ ವಾಹನ. ಮುಂದೆ ಚಾಪೆ ಹಾಸುತ್ತಾ, ಹಿಂದೆ ಅದನ್ನೇ ಎತ್ತಿಕೊಳ್ಳುತ್ತಾ ಸಾಗುತ್ತದೆ. ನೆಲಕ್ಕೆ ತಾಗಿದ ತುಂಡು ಕೊನೆಯ ಚಕ್ರ ತನ್ನ ಮೇಲೆ ದಾಟುವವರೆಗೂ ಕದಲುವುದಿಲ್ಲ. ಮೂವತ್ತು ಟನ್ನಿನ ಗಾಡಿ ಓಡುತ್ತಿದ್ದರೂ ಅದರ ಕೆಳಗಿನ ಪಟ್ಟಿ ನಿಂತೇ ಇರುತ್ತದೆ! ಆಮೇಲೆ ಆ ತುಂಡು ಎದ್ದು, ಮೇಲಿನಿಂದ ಸಾಗಿ, ಮತ್ತೆ ಮುಂದಕ್ಕೆ ಬರಬೇಕು. ಗಾಡಿಯೂ ಮುಂದೆ ಹೋಗುತ್ತಿದೆ, ಅಲ್ವಾ? ಹಾಗಾಗಿ ಮೇಲಿನ ಪಟ್ಟಿ ಟ್ಯಾಂಕಿನ ಎರಡರಷ್ಟು ವೇಗದಲ್ಲಿ ಓಡುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಮೇಜಿನ ಮೇಲೆ ಒಂದು ದುಂಡನೆಯ ಪೆನ್ಸಿಲ್ ಇಡಿ, ಅದರ ಮೇಲೆ ಸ್ಕೇಲ್ ಇಟ್ಟು ಮೆಲ್ಲಗೆ ತಳ್ಳಿ. ಪೆನ್ಸಿಲ್ 5 ಸೆಂ.ಮೀ. ಉರುಳುವಷ್ಟರಲ್ಲಿ ಸ್ಕೇಲ್ 10 ಸೆಂ.ಮೀ. ಮುಂದೆ ಹೋಗಿರುತ್ತದೆ. ಮೇಜು ನೆಲ, ಪೆನ್ಸಿಲ್ ಚಕ್ರ, ಸ್ಕೇಲ್ ಮೇಲಿನ ಪಟ್ಟಿ.

ಈಗ ಲೆಕ್ಕ ಹಾಕೋಣ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಪ್ರತಿ ಫ್ರೇಮಿನ ಮೇಲೆ ಬೆಳಕು ಬೀಳುವುದು ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು. ಗಂಟೆಗೆ 20 ಕಿ.ಮೀ. ವೇಗದ ಟ್ಯಾಂಕ್ ಅಷ್ಟರಲ್ಲಿ ಸುಮಾರು 11.5 ಸೆಂ.ಮೀ. ಸರಿಯುತ್ತದೆ. ಮೇಲಿನ ಪಟ್ಟಿ 23 ಸೆಂ.ಮೀ. ಕೆಳಗಿನದು ಸೊನ್ನೆ. ಶರ್ಮನ್ ಪಟ್ಟಿಯ ಒಂದೊಂದು ತುಂಡಿನ ಉದ್ದ ಸುಮಾರು 15 ಸೆಂ.ಮೀ. ಅಂದರೆ ಮೇಲೆ ಒಂದು ತುಂಡಿನ ಅಂಚು ಪಕ್ಕದ ತುಂಡನ್ನೂ ದಾಟಿ ಹರಡಿಕೊಳ್ಳುತ್ತದೆ. ಅಲ್ಲಿ ತುಂಡುಗಳನ್ನು ಬಿಡಿಬಿಡಿಯಾಗಿ ಬಿಡಿಸುವುದೇ ತಪ್ಪು. ನಾನು ರಬ್ಬರ್ ತೆಗೆದುಕೊಂಡು ಮೇಲಿನ ಸಾಲನ್ನು ಅಡ್ಡಡ್ಡ ಎಳೆದು ಮಸುಕು ಮಾಡಿದೆ. ಕೆಳಗಿನ ಸಾಲಿಗೆ ಚೂಪು ಪೆನ್ಸಿಲಿನಿಂದ ಇನ್ನಷ್ಟು ಕೆಸರು ಸೇರಿಸಿದೆ. ಟ್ಯಾಂಕ್ ಹೊರಟಿತು. ಆ ಖುಷಿಯನ್ನು ನಾನು ಮರೆಯಲಾರೆ.

ಒಂದು ಮಾತು: ಇದು ನಿಂತ ಕ್ಯಾಮೆರಾದ ಲೆಕ್ಕ. ಕ್ಯಾಮೆರಾ ಟ್ಯಾಂಕಿನ ಜೊತೆಗೇ ಓಡಿದರೆ ಟ್ಯಾಂಕಿನ ಮೈ ಸ್ಪಷ್ಟ. ಮೇಲಿನ ಪಟ್ಟಿ ಮುಂದಕ್ಕೆ, ಕೆಳಗಿನದು ನೆಲದ ಜೊತೆ ಹಿಂದಕ್ಕೆ, ಎರಡೂ ಒಂದೇ ಅಳತೆಯಲ್ಲಿ ಮಸುಕು. ನೋಡುವವರು ಎಲ್ಲಿ ನಿಂತಿದ್ದಾರೆ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು.

ಪಟ್ಟಿಯ ಜೋಲು ಕೂಡ ಗಮನಿಸಬೇಕಾದ್ದು. ಸೈಕಲ್ ತುಳಿಯುವಾಗ ಚೈನಿನ ಮೇಲಿನ ಎಳೆ ಬಿಗಿ, ಕೆಳಗಿನದು ಸಡಿಲ. ಶರ್ಮನ್, ಸಿನಿಮಾದಲ್ಲಿ ಅದರ ಎದುರಾಳಿಯಾದ ಜರ್ಮನ್ ಟ್ಯಾಂಕ್ ಟೈಗರ್ ಎರಡರಲ್ಲೂ ಎಂಜಿನ್ ತಿರುಗಿಸುವ ಹಲ್ಲಿನ ಚಕ್ರ ಇರುವುದು ಮುಂದೆ. ಅದು ಮೇಲಿನ ಪಟ್ಟಿಯನ್ನು ತನ್ನ ಕಡೆಗೆ ಎಳೆಯುವುದರಿಂದ ಮುನ್ನುಗ್ಗುವಾಗ ಮೇಲಿನ ಪಟ್ಟಿ ಬಿಗಿಯಾಗುತ್ತದೆ. ರಷ್ಯಾದ ಟಿ-34ರಲ್ಲಿ ಆ ಚಕ್ರ ಹಿಂದಿದೆ, ಅದು ಎಳೆಯುವುದು ಕೆಳಗಿನ ಪಟ್ಟಿಯನ್ನು. ಮೇಲಿನದು ಸಡಿಲವಾಗಿ ಚಕ್ರಗಳ ಮೇಲೆ ಒರಗುತ್ತದೆ. ಒಂದು ಚಕ್ರದ ಜಾಗ ಬದಲಾದರೆ ಚಿತ್ರವೇ ಬದಲಾಗುತ್ತದೆ.

ರಾತ್ರಿಯ ಕಾಳಗ ಬಿಡಿಸುವವರಿಗೆ ಸಿನಿಮಾದ ಕೆಂಪು, ಹಸಿರು ಗುಂಡಿನ ಗೆರೆಗಳು ಅಂದರೆ ಪ್ರಾಣ. ಅವು ಟ್ರೇಸರ್ ಗುಂಡುಗಳು. ಹಿಂಭಾಗದಲ್ಲಿ ಮದ್ದು ಉರಿಯುತ್ತಾ ಹೋಗುತ್ತದೆ. ಸ್ಟ್ರಾನ್ಷಿಯಂ ಇದ್ದರೆ ಕೆಂಪು, ಬೇರಿಯಂ ಇದ್ದರೆ ಹಸಿರು. ದೀಪಾವಳಿಯ ಬಣ್ಣದ ಬೆಂಕಿಕಡ್ಡಿಯದ್ದೂ ಇದೇ ಗುಟ್ಟು. ಆದರೆ ಒಂದೇ ಮೆಷಿನ್ ಗನ್ನಿನಿಂದ ಹತ್ತಾರು ಗೆರೆ ಒತ್ತೊತ್ತಾಗಿ ಎಳೆಯಬೇಡಿ. ಸಾಮಾನ್ಯವಾಗಿ ಐದರಲ್ಲಿ ಒಂದು ಗುಂಡು ಮಾತ್ರ ಟ್ರೇಸರ್. ನಿಮಿಷಕ್ಕೆ 500 ಗುಂಡು, ಗುಂಡಿನ ವೇಗ ಸೆಕೆಂಡಿಗೆ 800 ಮೀಟರ್ ಅಂದುಕೊಂಡರೆ, ಒಂದು ಟ್ರೇಸರಿಗೂ ಇನ್ನೊಂದಕ್ಕೂ ಸುಮಾರು 480 ಮೀಟರ್ ಅಂತರ. ಒಂದು ಫ್ರೇಮಿನಲ್ಲಿ ಗೆರೆಯ ಉದ್ದ 17 ಮೀಟರಿನಷ್ಟು. ಉಳಿದದ್ದೆಲ್ಲ ಕತ್ತಲು.

ನಾನು ಜಾಸ್ತಿ ಹೊತ್ತು ಕಳೆದದ್ದು ಟ್ಯಾಂಕಿನ ಮುಂಭಾಗದ ಓರೆಯ ಮೇಲೆ. ಸಿನಿಮಾದ ಟೈಗರ್ ನಿಜವಾದದ್ದು. 1943ರಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕ 'ಟೈಗರ್ 131', ಈಗ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿದೆ. ಅದರ ಮುಂಭಾಗ ಗೋಡೆಯ ಹಾಗೆ ಹೆಚ್ಚುಕಡಿಮೆ ನೆಟ್ಟಗೆ, 100 ಮಿ.ಮೀ. ಉಕ್ಕು. ಶರ್ಮನ್ ಮುಂಭಾಗದ ತಗಡು ಬರೀ 63.5 ಮಿ.ಮೀ., ಆದರೆ 47 ಡಿಗ್ರಿ ಹಿಂದಕ್ಕೆ ವಾಲಿದೆ. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದವಾಗುತ್ತದಲ್ಲ, ಹಾಗೆ ನೇರವಾಗಿ ಬಂದ ಗುಂಡು ಓರೆ ತಗಡಿನಲ್ಲಿ ಹೆಚ್ಚು ಉಕ್ಕು ದಾಟಬೇಕು. ಲೆಕ್ಕ ಹಾಕಿದರೆ ಸುಮಾರು 93 ಮಿ.ಮೀ. ಬರುತ್ತದೆ. ಪಕ್ಕದಲ್ಲಿ ಮಾತ್ರ ಶರ್ಮನ್ ಪಾಪದ್ದು: ಟೈಗರಿಗೆ 80, ಇದಕ್ಕೆ 38.

ನನ್ನ ಮೊದಲ ಚಿತ್ರದಲ್ಲಿ ಓರೆ 37 ಡಿಗ್ರಿ ಇತ್ತು. ಆ ಲೆಕ್ಕದಲ್ಲಿ 93 ಹೋಗಿ 80 ಆಗುತ್ತದೆ. ಆ ತಗಡಿನ ಹಿಂದೆಯೇ ಡ್ರೈವರ್ ಕೂರುತ್ತಾನೆ, ಅವನ ಬಲಕ್ಕೆ ಸಹಾಯಕ. ಗೆರೆ ಅಳಿಸಿದೆ. ಕೋನಮಾಪಕ ಇಟ್ಟು, 47 ಡಿಗ್ರಿ ನೋಡಿ, ಹೊಸದಾಗಿ ಎಳೆದೆ. ಅದರ ಮೇಲೆ ತೆರೆದ ಎರಡು ಮುಚ್ಚಳ, ಪ್ರತಿಯೊಂದರಿಂದ ಕಣ್ಣಿನವರೆಗೆ ಮಾತ್ರ ಹೊರಗೆ ಬಂದ ಒಂದೊಂದು ತಲೆ.